ವಾಯು ಗುಣಮಟ್ಟದ ಗಣನ ಮಾದರಿಗಳು: ಪರಿಷ್ಕರಣ ಮತ್ತು ಶಿಕ್ಷಣದ ಚರಿತ್ರೆ

ಕಾರ್ಖಾನೆಯ ಹೊಗೆಕೊಳವೆಯಿಂದ ಹೊರಟ ಹೊಗೆ ಎತ್ತ ಸಾಗುತ್ತದೆ, ಎಷ್ಟು ದೂರದಲ್ಲಿ ನೆಲಕ್ಕೆ ಇಳಿಯುತ್ತದೆ, ಅಲ್ಲಿ ವಾಸಿಸುವವರ ಉಸಿರಿನೊಳಗೆ ಅದರ ಎಷ್ಟು ಅಂಶ ಸೇರುತ್ತದೆ ಎಂಬ ಪ್ರಶ್ನೆಗಳಿಗೆ ಸರ್ಕಾರಗಳು ಈಗ ಗಣಕಯಂತ್ರದ ತಂತ್ರಾಂಶಗಳಿಂದ ಉತ್ತರ ಪಡೆಯುತ್ತವೆ. ಕಾರ್ಖಾನೆ ಇನ್ನೂ ಕಟ್ಟಲ್ಪಡದಿರುವಾಗ ಅದರ ಹೊಗೆಯನ್ನು ಅಳೆಯುವುದು ಸಾಧ್ಯವಿಲ್ಲ; ಮುಂದೆ ಎಷ್ಟಿದ್ದೀತು ಎಂದು ಲೆಕ್ಕ ಹಾಕಬಹುದು, ಅಷ್ಟೆ. ಆ ಲೆಕ್ಕದ ಆಧಾರದ ಮೇಲೆಯೇ ಅನುಮತಿ ದೊರೆಯುತ್ತದೆ, ಇಲ್ಲವೆ ನಿರಾಕರಿಸಲ್ಪಡುತ್ತದೆ. ಆದಕಾರಣ ಈ ತಂತ್ರಾಂಶಗಳು ಕೇವಲ ವಿಜ್ಞಾನಿಗಳ ಸಲಕರಣೆಗಳಲ್ಲ. ಅವು ಆಡಳಿತದ ದಾಖಲೆಗಳೂ ಆಗಿವೆ. ಆಡಳಿತದ ದಾಖಲೆಯಾದ ಮೇಲೆ ಅದು ಚರಿತ್ರಕಾರನ ಪರಿಶೀಲನೆಗೂ ಒಳಪಡತಕ್ಕದ್ದೇ ಆಗಿದೆ.

ಇಂಥ ತಂತ್ರಾಂಶಗಳ ಚರಿತ್ರೆಯನ್ನು ಸಾಮಾನ್ಯವಾಗಿ ಸೂತ್ರಗಳ ಚರಿತ್ರೆಯಾಗಿ ಬರೆಯುವುದು ವಾಡಿಕೆ. ಪ್ರಕೃತ ಲೇಖನದ ಉದ್ದೇಶ ಬೇರೆ. ಸೂತ್ರವು ಕಾಲಕಾಲಕ್ಕೆ ಹೇಗೆ ಪರಿಷ್ಕೃತವಾಯಿತು, ಅದನ್ನು ಬಳಸುವವರಿಗೆ ಶಿಕ್ಷಣವು ಹೇಗೆ ದೊರೆಯಿತು ಎಂಬ ಎರಡು ಸಂಗತಿಗಳನ್ನು ಒಟ್ಟಿಗೆ ನೋಡಿದಲ್ಲದೆ ಈ ಚರಿತ್ರೆ ಅರ್ಥವಾಗುವುದಿಲ್ಲವೆಂಬುದನ್ನು ಇಲ್ಲಿ ನಿರೂಪಿಸಲಾಗಿದೆ. ಇವೆರಡೂ ಜೊತೆಯಾಗಿ ನಡೆದಲ್ಲಿ ಲೆಕ್ಕಕ್ಕೆ ಪ್ರಾಮಾಣ್ಯ ಬಂದಿದೆ. ಒಂದು ಮುಂದೆ ಹೋಗಿ ಇನ್ನೊಂದು ಹಿಂದೆ ಉಳಿದಲ್ಲಿ ಅಂಕಿಗಳು ಮಾತ್ರ ಉಳಿದಿವೆ.

ಪೂರ್ವೇತಿಹಾಸ

ಈ ಶಾಸ್ತ್ರದ ಒಂದು ಮುಖ್ಯ ಮೂಲವು ಯುದ್ಧಸಂಬಂಧವಾದ ಸಂಶೋಧನೆಯಲ್ಲಿದೆಯೆಂಬುದು ಗಮನಾರ್ಹ. ಮೊದಲನೆಯ ಮಹಾಯುದ್ಧದಲ್ಲಿ ವಿಷಾನಿಲದ ಪ್ರಯೋಗವಾದ ತರುವಾಯ, ಅನಿಲವು ಗಾಳಿಯಲ್ಲಿ ಹರಡುವ ಬಗೆಯನ್ನು ತಿಳಿಯುವ ಅಗತ್ಯ ಸೈನ್ಯಗಳಿಗೆ ಉಂಟಾಯಿತು. 1921ರಲ್ಲಿ ಜಿ. ಐ. ಟೇಲರ್ ಅವರು ಪ್ರಕ್ಷುಬ್ಧ ಪ್ರವಾಹದಲ್ಲಿ ಕಣಗಳು ಚದುರುವುದನ್ನು ಕುರಿತು ಗಣಿತದ ಅಸ್ತಿಭಾರವನ್ನು ಹಾಕಿದರು. ಇಂಗ್ಲೆಂಡಿನ ಪೋರ್ಟನ್ ಡೌನ್ ಎಂಬಲ್ಲಿನ ಸೈನಿಕ ಸಂಶೋಧನ ಕೇಂದ್ರದಲ್ಲಿದ್ದ ಒ. ಜಿ. ಸಟನ್ ಅವರು 1932ರಲ್ಲಿ ವಾತಾವರಣದಲ್ಲಿ ಅನಿಲದ ಪ್ರಸರಣವನ್ನು ಕುರಿತ ಸಿದ್ಧಾಂತವನ್ನು ಪ್ರಕಟಿಸಿದರು.

ಈ ವಿದ್ಯೆಯನ್ನು ಜನಾರೋಗ್ಯದ ಕಡೆಗೆ ತಿರುಗಿಸಿದುದು ಎರಡು ದುರಂತಗಳು. 1948ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ ಡೊನೋರ ಎಂಬ ಕಾರ್ಖಾನೆಗಳ ಊರಿನಲ್ಲಿ ಗಾಳಿ ನಿಂತು, ಹೊಗೆ ಕಣಿವೆಯಲ್ಲಿ ಕವಿದು, 20 ಮಂದಿ ಸತ್ತರು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರವನ್ನು ಮುಸುಕಿದ ಧೂಮಮಂಜಿನಿಂದ ಸುಮಾರು 4000 ಮಂದಿ ಅಕಾಲ ಮರಣಕ್ಕೆ ಈಡಾದರೆಂದು ಅಂದಿನ ಅಂದಾಜು. ಮುಂದಿನ ಸಂಶೋಧಕರು ಈ ಸಂಖ್ಯೆ ಇನ್ನೂ ಬಹಳ ಹೆಚ್ಚೆಂದು ತೋರಿಸಿದ್ದಾರೆ. ಎರಡು ಸಂದರ್ಭಗಳಲ್ಲಿಯೂ ಗಾಳಿ ಬೀಸುವುದೇ ನಿಂತುಹೋಗಿತ್ತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಈ ಸಂಗತಿ ಮುಂದೆ ಪ್ರಸ್ತುತವಾಗುತ್ತದೆ.

1956ರ ಬೇಸಿಗೆಯಲ್ಲಿ ಅಮೆರಿಕದ ನೆಬ್ರಾಸ್ಕ ಪ್ರಾಂತದ ಓನೀಲ್ ಎಂಬ ಊರಿನ ಬಳಿ, ಸಮತಟ್ಟಾದ ಹುಲ್ಲುಗಾವಲಿನಲ್ಲಿ, ಗಂಧಕದ ಡೈಆಕ್ಸೈಡ್ ಅನಿಲವನ್ನು ಹತ್ತು ಹತ್ತು ನಿಮಿಷಗಳ ಕಾಲ ನೆಲದ ಸಮೀಪದಿಂದ ಬಿಟ್ಟು, 50ರಿಂದ 800 ಮೀಟರುಗಳವರೆಗಿನ ಐದು ಕಮಾನುಗಳಲ್ಲಿ ಅದರ ಸಾಂದ್ರತೆಯನ್ನು ಅಳೆದರು. ‘ಪ್ರೇರಿ ಗ್ರಾಸ್’ ಎಂದು ಹೆಸರಾದ ಈ ಪ್ರಯೋಗದ ಅಂಕಿಗಳನ್ನು ಇಂದಿಗೂ ಹೊಸ ಮಾದರಿಗಳ ಪರೀಕ್ಷೆಗೆ ಬಳಸುತ್ತಾರೆ. 1961ರಲ್ಲಿ ಬ್ರಿಟಿಷ್ ವಿಜ್ಞಾನಿ ಎಫ್. ಪಾಸ್ಕ್ವಿಲ್ ಅವರು ಗಾಳಿಯ ವೇಗ, ಬಿಸಿಲಿನ ತೀಕ್ಷ್ಣತೆ, ರಾತ್ರಿಯ ಮೋಡ ಇವುಗಳನ್ನು ಮಾತ್ರ ನೋಡಿ ವಾತಾವರಣದ ಸ್ಥಿರತೆಯನ್ನು ಆರು ವರ್ಗಗಳಾಗಿ ವಿಂಗಡಿಸುವ ಕ್ರಮವನ್ನು ಸೂಚಿಸಿದರು. ಅದೇ ವರ್ಷ ಅಮೆರಿಕದ ಎಫ್. ಎ. ಗಿಫರ್ಡ್ ಅವರು ಅದನ್ನು ಬಳಕೆಗೆ ಸುಲಭವಾದ ರೇಖಾಚಿತ್ರಗಳ ರೂಪಕ್ಕೆ ತಂದರು. ಹೊಗೆಯ ಗೆರೆಯ ಮಧ್ಯದಲ್ಲಿ ಸಾಂದ್ರತೆ ಅತ್ಯಧಿಕ, ಎರಡು ಬದಿಗಳಿಗೂ ಘಂಟೆಯ ಆಕಾರದಲ್ಲಿ ಅದು ಇಳಿಯುತ್ತದೆ ಎಂಬುದೇ ಈ ಲೆಕ್ಕದ ಸಾರ. ಗಣಿತಜ್ಞ ಗೌಸನ ಹೆಸರಿನಿಂದ ಇದನ್ನು ಗೌಸಿಯನ್ ಮಾದರಿ ಎನ್ನುತ್ತಾರೆ.

ಅಭ್ಯಾಸ ಪುಸ್ತಕದ ಯುಗ

ತಂತ್ರಾಂಶಕ್ಕೆ ಮೊದಲು ಬಂದುದು ಪಾಠಪುಸ್ತಕ. ಅಮೆರಿಕದ ಹವಾಮಾನ ಇಲಾಖೆಯಿಂದ ಸಾರ್ವಜನಿಕ ಆರೋಗ್ಯ ಸೇವೆಗೆ ನಿಯೋಜಿತರಾಗಿದ್ದ ಡಿ. ಬ್ರೂಸ್ ಟರ್ನರ್ ಅವರು 1967ರಲ್ಲಿ ವಾತಾವರಣದಲ್ಲಿನ ಪ್ರಸರಣವನ್ನು ಅಂದಾಜು ಮಾಡುವ ಬಗೆಗೆ ಒಂದು ಅಭ್ಯಾಸ ಪುಸ್ತಕವನ್ನು ಪ್ರಕಟಿಸಿದರು. ಅದರಲ್ಲಿ ಬಿಡಿಸಿ ತೋರಿಸಿದ 26 ಲೆಕ್ಕಗಳಿದ್ದವು. ಈ ಪುಸ್ತಕವನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಯಾರು ಬೇಕಾದರೂ ತಾವಾಗಿ ಲೆಕ್ಕ ಹಾಕಬಹುದೆಂದು ತಿಳಿಯಬಾರದು, ಬರುವ ಅಂಕಿಗಳೆಲ್ಲವೂ ಅಂದಾಜುಗಳೇ ಹೊರತು ಅಳತೆಗಳಲ್ಲ ಎಂಬ ಅರ್ಥದ ಎಚ್ಚರಿಕೆಯನ್ನು ಗ್ರಂಥಕರ್ತರೇ ಕೊಟ್ಟಿದ್ದರು.

ಈ ಎಚ್ಚರಿಕೆ ಏಕೆ ಬೇಕಾಗಿತ್ತೆಂಬುದಕ್ಕೆ ಒಂದು ನಿದರ್ಶನ ಸಾಕು. ಓನೀಲ್ ಪ್ರಯೋಗದಲ್ಲಿ ಅಳತೆ ನಡೆದುದು 800 ಮೀಟರುಗಳವರೆಗೆ. ಪುಸ್ತಕದಲ್ಲಿನ ರೇಖೆಗಳು ಸಾಗುವುದು 100 ಕಿಲೋಮೀಟರುಗಳವರೆಗೆ. ಅಳೆದ ಭಾಗಕ್ಕೂ ಊಹಿಸಿ ಎಳೆದ ಭಾಗಕ್ಕೂ ಇರುವ ಅಂತರವು ಕಾಗದದ ಮೇಲೆ ರೇಖೆಯನ್ನು ಓದುವವನಿಗೆ ಗುರುವಿನ ಮಾತಿನಿಂದ ತಿಳಿಯುತ್ತಿತ್ತು. ಯಂತ್ರಕ್ಕೆ ಆ ಭೇದವಿಲ್ಲ. ಅದು 500 ಮೀಟರಿಗೂ 50 ಕಿಲೋಮೀಟರಿಗೂ ಒಂದೇ ನಿಶ್ಚಯದಿಂದ ದಶಾಂಶಗಳ ಸಹಿತ ಉತ್ತರವನ್ನು ಮುದ್ರಿಸುತ್ತದೆ.

ಸೂತ್ರದಿಂದ ಶಾಸನಕ್ಕೆ

1970ರಲ್ಲಿ ಅಮೆರಿಕದಲ್ಲಿ ಪರಿಸರ ಸಂರಕ್ಷಣ ಸಂಸ್ಥೆ ಸ್ಥಾಪಿತವಾಯಿತು. ಅದೇ ವರ್ಷ ಶುದ್ಧ ವಾಯು ಶಾಸನವು ವಿಸ್ತೃತ ರೂಪವನ್ನು ಪಡೆಯಿತು. 1973ರಲ್ಲಿ ಆ ಸಂಸ್ಥೆಯು ‘ಯುನಮ್ಯಾಪ್’ ಎಂಬ ಹೆಸರಿನಲ್ಲಿ ಕೆಲವು ಮಾದರಿಗಳನ್ನು ಒಟ್ಟುಗೂಡಿಸಿ ಬಳಕೆದಾರರಿಗೆ ದೊರಕಿಸಿತು. ಅವು ಮುಂದೆ ಕಾಂತೀಯ ಸುರುಳಿಗಳಲ್ಲಿಯೂ ಮಾರಾಟವಾದುವು. ಹೊಸ ಸುರುಳಿ ಬಂದಾಗ ಹಳೆಯದನ್ನು ಬದಿಗಿಡಬೇಕಾಗಿತ್ತು. ಪರಿಷ್ಕರಣವೆಂಬ ಕಾರ್ಯವು ಹೀಗೆ ಕ್ರಮಬದ್ಧವಾಗಿ ಆರಂಭವಾಯಿತು.

1977ರ ತಿದ್ದುಪಡಿಗಳು ಇನ್ನೂ ಮುಖ್ಯವಾದುವು. ದೊಡ್ಡ ಕಾರ್ಖಾನೆಗಳಿಗೆ ಅನುಮತಿ ಕೊಡುವ ಮುನ್ನ ವಾಯುವಿನ ಮೇಲೆ ಆಗುವ ಪರಿಣಾಮವನ್ನು ಲೆಕ್ಕ ಹಾಕತಕ್ಕದ್ದೆಂದು ಅವು ವಿಧಿಸಿದುವು. ಮಾದರಿಗಳನ್ನು ಕುರಿತ ಸಮ್ಮೇಳನವನ್ನು ಮೂರು ವರ್ಷಗಳಿಗೊಮ್ಮೆ ನಡೆಸಬೇಕೆಂಬ ವಿಧಿಯೂ ಆಗಲೇ ಶಾಸನದಲ್ಲಿ ಸೇರಿತು. ಈ ಸಾಲಿನ ಹದಿಮೂರನೆಯ ಸಮ್ಮೇಳನ 2023ರಲ್ಲಿ ಜರುಗಿತು. 1978ರಲ್ಲಿ ಮಾದರಿಗಳ ಬಳಕೆಗೆ ಮಾರ್ಗದರ್ಶಿಯೊಂದು ಹೊರಬಿತ್ತು. 1979ರಲ್ಲಿ ಕೈಗಾರಿಕಾ ಸಮುಚ್ಚಯಗಳಿಗೆಂದು ರಚಿತವಾದ ಐ.ಎಸ್.ಸಿ. ಮಾದರಿ ಬಳಕೆಗೆ ಬಂದಿತು. 1995ರಲ್ಲಿ ಅದರ ಮೂರನೆಯ ರೂಪ ಹೊರಟಿತು. ಸುಮಾರು ಕಾಲು ಶತಮಾನ ಕಾಲ ಜಗತ್ತಿನ ಬಹುಭಾಗದಲ್ಲಿ ಹೊಗೆಯ ಲೆಕ್ಕವೆಂದರೆ ಐ.ಎಸ್.ಸಿ. ಎಂಬಂತಾಯಿತು.

ಮಾರ್ಗದರ್ಶಿಯಲ್ಲಿ ಹೆಸರು ಸೇರಿದ ಮಾದರಿಗೆ ಶಾಸನದ ಬಲ ಬರುತ್ತದೆ. ಆಗ ಪರಿಷ್ಕರಣವು ವಿಜ್ಞಾನದ ಸಾಮಾನ್ಯ ಬೆಳವಣಿಗೆಯಾಗಿ ಉಳಿಯುವುದಿಲ್ಲ. ಸೂತ್ರದಲ್ಲಿನ ಒಂದು ಸಣ್ಣ ಬದಲಾವಣೆಯಿಂದ, ನಿನ್ನೆ ಮಿತಿಯೊಳಗಿದ್ದ ಕಾರ್ಖಾನೆ ಇಂದು ಮಿತಿಯನ್ನು ಮೀರಬಹುದು. ಅಥವಾ ಮೀರಿದ್ದುದು ಒಳಗೆ ಬರಬಹುದು. ಹೊಗೆ ಮಾತ್ರ ಅದೇ ಹೊಗೆ.

ಏರ್‌ಮಾಡ್ ಮತ್ತು ಅದರ ಕಾಲಗಣನೆ

1970ರ ತರುವಾಯ ವಾತಾವರಣದ ಕೆಳಪದರವನ್ನು ಕುರಿತ ಜ್ಞಾನ ಬಹಳ ಬೆಳೆಯಿತು. ಬಿಸಿಲಿನ ಹೊತ್ತಿನಲ್ಲಿ ಮೇಲೇಳುವ ಮತ್ತು ಕೆಳಗಿಳಿಯುವ ಗಾಳಿಯ ಪ್ರವಾಹಗಳಲ್ಲಿ ಹೊಗೆ ಲಂಬವಾಗಿ ಹರಡುವಾಗ ಘಂಟೆಯ ಆಕಾರವನ್ನು ಅನುಸರಿಸುವುದಿಲ್ಲವೆಂದು ಪ್ರಯೋಗಗಳಿಂದ ತಿಳಿದುಬಂದಿತು. ಈ ಜ್ಞಾನವನ್ನು ಆಡಳಿತದ ಲೆಕ್ಕದೊಳಕ್ಕೆ ತರಲು 1991ರಲ್ಲಿ ಅಮೆರಿಕದ ಪವನಶಾಸ್ತ್ರ ಸಂಘವೂ ಪರಿಸರ ಸಂರಕ್ಷಣ ಸಂಸ್ಥೆಯೂ ಕೂಡಿ ಒಂದು ಸಮಿತಿಯನ್ನು ರಚಿಸಿದುವು. ಅದರ ಫಲವೇ ಏರ್‌ಮಾಡ್. 2000ದಲ್ಲಿ ಅದನ್ನು ಪ್ರಸ್ತಾವಿಸಲಾಯಿತು. 2005ರ ನವೆಂಬರ್ 9ರಂದು ಐ.ಎಸ್.ಸಿ. ಸ್ಥಾನಕ್ಕೆ ಅದು ಅಧಿಕೃತವಾಗಿ ಬಂದಿತು. ಬಳಕೆದಾರರು ಹೊಸದನ್ನು ಕಲಿತುಕೊಳ್ಳಲು ಒಂದು ವರ್ಷದ ಅವಧಿಯನ್ನು ಕೊಡಲಾಯಿತು. ಸಮಿತಿಯ ರಚನೆಯಿಂದ ಸ್ವೀಕಾರದವರೆಗೆ ಹದಿನಾಲ್ಕು ವರ್ಷ. ಕಲಿಯುವುದಕ್ಕೆ ಒಂದು ವರ್ಷ. ಈ ಪ್ರಮಾಣವೇ ಪರಿಷ್ಕರಣಕ್ಕೂ ಶಿಕ್ಷಣಕ್ಕೂ ಕೊಡಲ್ಪಟ್ಟ ಗೌರವದ ವ್ಯತ್ಯಾಸವನ್ನು ಸೂಚಿಸುತ್ತದೆ.

ಕಲಿಯಬೇಕಾದುದು ಅಲ್ಪವಾಗಿರಲಿಲ್ಲ. ಐ.ಎಸ್.ಸಿ. ಬಳಸುವವನು ಪಾಸ್ಕ್ವಿಲ್ಲರ ಆರು ವರ್ಗಗಳಲ್ಲಿ ಒಂದನ್ನು ಆರಿಸಿಕೊಂಡರೆ ಸಾಕಾಗಿತ್ತು. ಏರ್‌ಮಾಡ್ ಬಳಸುವವನು ನೆಲವು ಬಿಸಿಲನ್ನು ಎಷ್ಟು ಪ್ರತಿಫಲಿಸುತ್ತದೆ, ಅದರಲ್ಲಿ ತೇವ ಎಷ್ಟಿದೆ, ಅದರ ಮೇಲ್ಮೈ ಎಷ್ಟು ಒರಟು ಎಂಬುದನ್ನು ನಿರ್ಧರಿಸಬೇಕು. ನೀರಾವರಿ ಗದ್ದೆ, ಬರಡು ಬಯಲು, ಮನೆಗಳು ಒತ್ತಾಗಿರುವ ಪೇಟೆ ಇವುಗಳ ಬೆಲೆಗಳು ಬೇರೆ ಬೇರೆ. ಇವನ್ನು ಪಟ್ಟಿಯಿಂದ ಎತ್ತಿ ಬರೆಯುವವನಿಗೂ ನೆಲವನ್ನು ನೋಡಿ ನಿರ್ಧರಿಸುವವನಿಗೂ ಒಂದೇ ತಂತ್ರಾಂಶದಿಂದ ಬೇರೆ ಬೇರೆ ಉತ್ತರಗಳು ಬರುತ್ತವೆ.

ಈ ತಂತ್ರಾಂಶದ ಆವೃತ್ತಿಗಳಿಗೆ ಹೆಸರಿಡುವ ಕ್ರಮವು ಚರಿತ್ರೆಯ ವಿದ್ಯಾರ್ಥಿಗೆ ವಿಶೇಷ ಸ್ವಾರಸ್ಯವುಳ್ಳದ್ದು. ಪ್ರತಿಯೊಂದು ಆವೃತ್ತಿಗೂ ಐದು ಅಂಕಿಗಳ ಸಂಖ್ಯೆಯಿದೆ. ಮೊದಲಿನ ಎರಡು ವರ್ಷವನ್ನೂ ಉಳಿದ ಮೂರು ಆ ವರ್ಷದ ದಿನವನ್ನೂ ತಿಳಿಸುತ್ತವೆ. 02222 ಎಂದರೆ 2002ನೆಯ ವರ್ಷದ 222ನೆಯ ದಿನ, ಎಂದರೆ ಆಗಸ್ಟ್ 10. 19191 ಎಂದರೆ 2019ರ ಜುಲೈ 10. 24142 ಎಂದರೆ 2024ರ ಮೇ 21. ನಮ್ಮ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿಗಳನ್ನು ಕೆತ್ತಿಸಿದಂತೆ ಇಲ್ಲಿ ಕಾಲನಿರ್ದೇಶವು ಹೆಸರಿನಲ್ಲಿಯೇ ಅಡಕವಾಗಿದೆ. ಶಾಸನದ ಕಾಲವನ್ನು ಪರಿಶೀಲಿಸದೆ ಅದರ ವಿಷಯವನ್ನು ಉಪಯೋಗಿಸಲು ಯಾವ ವಿದ್ವಾಂಸನೂ ಒಪ್ಪಲಾರನು. ವಾಯುವಿನ ವರದಿಯನ್ನು ಓದುವವನಿಗೂ ಅದೇ ನಿಯಮ ಅನ್ವಯಿಸತಕ್ಕದ್ದು. 2011ರ ಒಂದೇ ವರ್ಷದಲ್ಲಿ 11059, 11103, 11353 ಎಂದು ಮೂರು ಆವೃತ್ತಿಗಳು ಹೊರಟವು. ಅವುಗಳ ಜೊತೆಗೆ, ಏನನ್ನು ತಿದ್ದಲಾಯಿತು, ಏನನ್ನು ಸೇರಿಸಲಾಯಿತು ಎಂಬುದನ್ನು ತಿಳಿಸುವ ಬದಲಾವಣೆಯ ಪ್ರಕಟಣೆಗಳೂ ಬಂದವು. ಅವು ಈ ಚರಿತ್ರೆಗೆ ಮೂಲ ಸಾಮಗ್ರಿ.

ನಿಂತ ಗಾಳಿಯ ಸಮಸ್ಯೆ

ಪರಿಷ್ಕರಣವೂ ಶಿಕ್ಷಣವೂ ಜೊತೆಯಾಗಿ ಏಕೆ ನಡೆಯಬೇಕೆಂಬುದನ್ನು ನಿಂತ ಗಾಳಿಯ ಪ್ರಸಂಗವು ಸ್ಪಷ್ಟಪಡಿಸುತ್ತದೆ. ಗೌಸಿಯನ್ ಲೆಕ್ಕದಲ್ಲಿ ಸಾಂದ್ರತೆಯನ್ನು ಗಾಳಿಯ ವೇಗದಿಂದ ಭಾಗಿಸಬೇಕು. ವೇಗ ಸೊನ್ನೆಯಾದರೆ ಭಾಗಾಕಾರವೇ ಸಾಧ್ಯವಿಲ್ಲ. ಆದಕಾರಣ ಐ.ಎಸ್.ಸಿ. ಮಾದರಿ ಗಾಳಿ ನಿಂತ ಗಂಟೆಗಳನ್ನು ಲೆಕ್ಕದಿಂದ ಬಿಟ್ಟುಬಿಡುತ್ತಿತ್ತು. ಏರ್‌ಮಾಡ್ ಕೂಡ ಅಂಥ ಗಂಟೆಗಳಿಗೆ ಸಾಂದ್ರತೆಯನ್ನು ಕೊಡುವುದಿಲ್ಲ. ಆದರೆ ಡೊನೋರದಲ್ಲಿ ಜನರು ಸತ್ತುದು ಗಾಳಿ ನಿಂತಾಗ, ಲಂಡನ್ನಿನಲ್ಲಿಯೂ ಹಾಗೆಯೇ. ಯಾವ ಗಂಟೆಗಳಿಗಾಗಿ ಈ ಶಾಸ್ತ್ರವು ಜನರಿಗೆ ಅತ್ಯಗತ್ಯವಾಯಿತೋ ಆ ಗಂಟೆಗಳೇ ಲೆಕ್ಕದಿಂದ ಹೊರಗುಳಿದುವು.

ಇದನ್ನು ತಿದ್ದುವ ಯತ್ನವು ಹಂತಹಂತವಾಗಿ ನಡೆಯಿತು. ನಿಮಿಷ ನಿಮಿಷದ ಗಾಳಿಯ ಅಂಕಿಗಳನ್ನು ಬಳಸಿ, ನಿಂತ ಗಂಟೆಗಳೆಂದು ಬರೆದವುಗಳಲ್ಲಿ ಅನೇಕವು ನಿಜವಾಗಿ ಮಂದಮಾರುತದವೆಂದು ಗುರುತಿಸುವ ಸಾಧನವೊಂದು 2011ರಲ್ಲಿ ಬಂದಿತು. 2012ರ ಡಿಸೆಂಬರಿನ 12345 ಎಂಬ ಆವೃತ್ತಿಯಲ್ಲಿ ಮಂದಗತಿಯ ಗಾಳಿಗೆ ಪ್ರಾಯೋಗಿಕ ವಿಧಾನಗಳು ಸೇರಿದುವು. ಅವುಗಳಲ್ಲಿ ಒಂದು 2017ರ ಪರಿಷ್ಕೃತ ಮಾರ್ಗದರ್ಶಿಯಲ್ಲಿ ಅಧಿಕೃತವಾಯಿತು. 2024ರ ನವೆಂಬರಿನಲ್ಲಿ ಮಾರ್ಗದರ್ಶಿ ಪುನಃ ಪರಿಷ್ಕೃತವಾಯಿತು. ಆದರೂ ಬಿಟ್ಟುಹೋದ ಗಂಟೆಗಳ ಸಂಖ್ಯೆಯನ್ನು ತಂತ್ರಾಂಶವು ತನ್ನ ವರದಿಯಲ್ಲಿ ಮುದ್ರಿಸಿದರೆ ಸಾಲದು. ಅದನ್ನು ಹುಡುಕಿ ಓದಬೇಕೆಂದು ಬಳಸುವವನಿಗೆ ಯಾರಾದರೂ ಕಲಿಸಿರಬೇಕು.

ಸಮುದಾಯದ ಮಾದರಿ

ಇದೇ ಕಾಲದಲ್ಲಿ ಇನ್ನೊಂದು ಪದ್ಧತಿಯೂ ಬೆಳೆಯಿತು. ಒಂದು ಕಾರ್ಖಾನೆಯ ಹೊಗೆಯನ್ನಲ್ಲದೆ, ಇಡೀ ಪ್ರದೇಶದ ಓಜೋನ್, ಸೂಕ್ಷ್ಮ ಕಣ, ಆಮ್ಲಗಳೆಲ್ಲವನ್ನೂ ರಾಸಾಯನಿಕ ಕ್ರಿಯೆಗಳ ಸಮೇತ ಲೆಕ್ಕ ಹಾಕುವ ಸಿಮ್ಯಾಕ್ ಎಂಬ ಮಾದರಿಯನ್ನು 1998ರಲ್ಲಿ ಬಿಡುಗಡೆ ಮಾಡಲಾಯಿತು. ಇದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಸೂಚಿಸಬಹುದು. ಇದರ ಬಳಕೆದಾರರಿಗೆ ನೆರವಾಗಲು 2001ರಲ್ಲಿ ಒಂದು ಕೇಂದ್ರವನ್ನು ತೆರೆದರು. ತಂತ್ರಾಂಶದ ವಿತರಣೆ, ತರಬೇತಿ, ವಾರ್ಷಿಕ ಸಮ್ಮೇಳನ ಈ ಮೂರನ್ನೂ ಆ ಕೇಂದ್ರವು ಒಂದೇ ಕಾರ್ಯದ ಅಂಗಗಳಾಗಿ ನಡೆಸಿಕೊಂಡು ಬಂದಿತು. ಹೊಸ ಆವೃತ್ತಿಯನ್ನು ರಚಿಸಿದವರೂ ಅದನ್ನು ಬಳಸಿ ತೊಡಕು ಕಂಡವರೂ ಒಂದೇ ಸಭೆಯಲ್ಲಿ ಕೂರುವಂತಾಯಿತು. ಪರಿಷ್ಕರಣಕ್ಕೂ ಶಿಕ್ಷಣಕ್ಕೂ ನಡುವಿನ ಅಂತರವನ್ನು ಕಡಮೆ ಮಾಡಿದ ವ್ಯವಸ್ಥೆಗಳಲ್ಲಿ ಇದು ಗಣ್ಯವಾದುದು.

ಭಾರತದ ಅನುಭವ

ನಮ್ಮ ದೇಶದಲ್ಲಿ ಈ ಬಗೆಯ ಚಿಂತನೆಗೆ ಮೊದಲ ದೊಡ್ಡ ಸಂದರ್ಭ ಒದಗಿದುದು ಮಥುರೆಯ ತೈಲ ಶುದ್ಧೀಕರಣ ಕಾರ್ಖಾನೆಯಿಂದ. ಅದರ ಹೊಗೆ ತಾಜಮಹಲಿಗೆ ಹಾನಿ ಮಾಡೀತೇ ಎಂಬುದನ್ನು ವಿಚಾರಿಸಲು 1974ರಲ್ಲಿ ಎಸ್. ವರದರಾಜನ್ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ 1977ರಲ್ಲಿ ವರದಿ ಒಪ್ಪಿಸಿತು. ಆಗ್ರಾ ನಗರದಲ್ಲಿ ಆಗಲೇ ಇದ್ದ ವಿದ್ಯುತ್ ಸ್ಥಾವರಗಳು, ರೈಲ್ವೆ ಅಂಗಳಗಳು, ಎರಕದ ಕಾರ್ಖಾನೆಗಳ ಹೊಗೆಯ ಕಡೆಗೂ ಅದು ಗಮನ ಸೆಳೆಯಿತು. 1981ರಲ್ಲಿ ವಾಯು ಮಾಲಿನ್ಯ ಶಾಸನ ಜಾರಿಗೆ ಬಂದಿತು. 1994ರ ಜನವರಿ 27ರ ಅಧಿಸೂಚನೆಯಿಂದ ಹಲವು ಬಗೆಯ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾಯಿತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆ ಅದರ ಸ್ಥಾನಕ್ಕೆ ಬಂದಿತು. ಅಂದಿನಿಂದ ಹೊಗೆಯ ಲೆಕ್ಕವು ಇಂಥ ವರದಿಗಳ ಒಂದು ನಿಯತ ಭಾಗವಾಗಿದೆ.

ಬೆಂಗಳೂರು, ಚೆನ್ನೈ, ದೆಹಲಿ, ಕಾನ್ಪುರ, ಮುಂಬಯಿ, ಪುಣೆ ಈ ಆರು ನಗರಗಳಲ್ಲಿ ಮಾಲಿನ್ಯದ ಮೂಲಗಳನ್ನು ಕುರಿತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸಿದ ಅಧ್ಯಯನದ ಸಾರಾಂಶ 2011ರಲ್ಲಿ ಪ್ರಕಟವಾಯಿತು. ನಮ್ಮ ನಗರಗಳ ಬಗೆಗೆ ಅದು ಬಹುಮುಖ್ಯವಾದ ಆಕರವೆಂಬುದು ನಿರ್ವಿವಾದ. ಅದರ ಲೆಕ್ಕಕ್ಕೆ ಬಳಸಿದುದು ಐ.ಎಸ್.ಸಿ. ಮಾದರಿ. ಆ ಮಾದರಿಯ ಕೊನೆಯ ಆವೃತ್ತಿ 02035, ಎಂದರೆ 2002ರ ಫೆಬ್ರವರಿ 4ರದು. ಅದು ಹುಟ್ಟಿದ ದೇಶದಲ್ಲಿ 2005ರಲ್ಲಿಯೇ ಅದರ ಅಧಿಕೃತ ಸ್ಥಾನ ಹೋಗಿತ್ತು. ಇದನ್ನು ದೋಷಾರೋಪಣೆಯಾಗಿ ಹೇಳುತ್ತಿಲ್ಲ. ಪರಿಚಿತವಾದ ಸಾಧನವನ್ನು ಬಲ್ಲವರು ಬಳಸುವುದು, ಅಪರಿಚಿತವಾದ ಹೊಸದನ್ನು ಅರಿಯದೆ ಬಳಸುವುದಕ್ಕಿಂತ ಲೇಸೇ ಆಗಿರಬಹುದು. ಆದರೆ ತಂತ್ರಾಂಶವು ಸಾಗರವನ್ನು ದಾಟಿ ಬರುವಷ್ಟು ವೇಗದಲ್ಲಿ ಅದರ ಪರಿಷ್ಕರಣದ ಕಾರಣಗಳೂ ಶಿಕ್ಷಣವೂ ದಾಟಿ ಬರುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಚಳಿಗಾಲದ ನಸುಕಿನಲ್ಲಿ ಗಾಳಿ ಮಂದವಾಗುವುದು ನಮ್ಮ ದೇಶದಲ್ಲಿ ಸಾಮಾನ್ಯ. ಹೀಗಿರಲು ನಿಂತ ಗಾಳಿಯ ಸಮಸ್ಯೆ ನೆಬ್ರಾಸ್ಕದ ಹುಲ್ಲುಗಾವಲಿಗಿಂತ ನಮ್ಮ ಊರುಗಳಿಗೆ ಹೆಚ್ಚು ಹತ್ತಿರದ್ದು. 2010ರಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡೆಗಳ ಸಂದರ್ಭದಲ್ಲಿ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯು ‘ಸಫರ್’ ಎಂಬ ಮುನ್ಸೂಚನಾ ವ್ಯವಸ್ಥೆಯನ್ನು ಆರಂಭಿಸಿತು. 2019ರ ಜನವರಿಯಲ್ಲಿ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮ ಘೋಷಿತವಾಯಿತು. ಮಾದರಿಗಳ ಅಗತ್ಯ ಹೆಚ್ಚಿದಂತೆಲ್ಲ ಅವುಗಳನ್ನು ವಿವೇಕದಿಂದ ಬಳಸಬಲ್ಲವರ ಅಗತ್ಯವೂ ಹೆಚ್ಚಿದೆ.

ಉಪಸಂಹಾರ

ಯೋಜನೆಯೊಂದರ ಸಾರ್ವಜನಿಕ ವಿಚಾರಣೆಯಲ್ಲಿ ಹಳ್ಳಿಯ ರೈತನ ಮುಂದಿಡುವ ವರದಿಯಲ್ಲಿ, ಅವನ ಊರಿನ ಹೆಸರಿನ ಎದುರಿಗೆ ಒಂದು ಅಂಕಿ ಇರುತ್ತದೆ. ಅದನ್ನು ಒಪ್ಪಲು ಅಥವಾ ಪ್ರಶ್ನಿಸಲು ಅವನಿಗೆ ಯಾವ ಆಧಾರವಿದೆ? ಯಾವ ಮಾದರಿ, ಯಾವ ದಿನದ ಆವೃತ್ತಿ, ಎಲ್ಲಿಯ ಗಾಳಿಯ ಅಂಕಿ, ಎಷ್ಟು ಗಂಟೆಗಳನ್ನು ಬಿಡಲಾಗಿದೆ ಎಂಬ ನಾಲ್ಕು ಸಂಗತಿಗಳು ವರದಿಯಲ್ಲಿದ್ದರೆ, ಸಮೀಪದ ಕಾಲೇಜಿನ ಅಧ್ಯಾಪಕನೊಬ್ಬನು ಅವನಿಗೆ ಪರವಾಗಿ ನಿಂತು ವಿಚಾರಿಸಬಹುದು. ಅವು ಇಲ್ಲದಿದ್ದರೆ ತಜ್ಞನೂ ನಿರುಪಾಯನು.

ಇದರಿಂದ ನಮ್ಮ ಕಾಲೇಜುಗಳಿಗೆ ಎರಡು ಕರ್ತವ್ಯಗಳು ಒದಗುತ್ತವೆ. ವಿಜ್ಞಾನ ವಿಭಾಗಗಳು ಈ ಮಾದರಿಗಳನ್ನು ಕಲಿಸುವಾಗ ಗುಂಡಿ ಒತ್ತುವ ಕ್ರಮವನ್ನಷ್ಟೇ ಅಲ್ಲದೆ ಅವುಗಳ ಮೇರೆಗಳನ್ನೂ, ಹಿಂದಿನ ಆವೃತ್ತಿ ಏಕೆ ತಿದ್ದಲ್ಪಟ್ಟಿತೆಂಬುದನ್ನೂ ಕಲಿಸಬೇಕು. ಚರಿತ್ರೆಯ ವಿಭಾಗಗಳು ಇಂಥ ವರದಿಗಳನ್ನು ಆವೃತ್ತಿಯ ಸಂಖ್ಯೆ ಮತ್ತು ಮೂಲ ಅಂಕಿಗಳ ಸಮೇತ ಸಂಗ್ರಹಿಸಿ ರಕ್ಷಿಸಬೇಕು. ತಾಮ್ರಪಟಗಳು ಭೂಮಿಯ ಹಕ್ಕನ್ನು ದಾಖಲಿಸಿದವು. ಈ ವರದಿಗಳು ಒಂದು ಊರು ಉಸಿರಾಡಬೇಕಾದ ಗಾಳಿಯನ್ನು ನಿರ್ಣಯಿಸಿವೆ. ಮುಂದಿನ ತಲೆಮಾರಿನವರು ಆ ನಿರ್ಣಯ ಸರಿಯೇ ಎಂದು ಕೇಳಿದಾಗ ಪರೀಕ್ಷಿಸಿ ನೋಡಲು ಬೇಕಾದ ಆಕರಗಳು ಅವರಿಗೆ ದೊರೆಯುವಂತೆ ಮಾಡುವುದು ನಮ್ಮ ಹೊಣೆ.